ಹಡಗಿನಿಂದ ಇಳಿದವರ ಒಂದು ದಿನ, ಗುಡ್ಡದೂರಿನ ಪಾಲು

ರೋಮ್ ನಗರದ ಬಂದರೆಂದು ಹೆಸರಾದ ಚಿವಿತಾವೆಕ್ಕಿಯಾ ಇಟಲಿಯ ಪಶ್ಚಿಮ ಕರಾವಳಿಯಲ್ಲಿ, ರೋಮ್‌ನಿಂದ ಸುಮಾರು 70 ಕಿ.ಮೀ. ವಾಯವ್ಯಕ್ಕಿದೆ. ಕ್ರಿ.ಶ. ಎರಡನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಟ್ರಾಜನ್ ಕಟ್ಟಿಸಿದ ಈ ಬಂದರಿನಲ್ಲಿ 2023ರಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರವಾಸಿ ಹಡಗುಗಳ ಪ್ರಯಾಣಿಕರು 33 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಬಹುಪಾಲು ಜನ ಬಸ್ಸನ್ನೋ ರೈಲನ್ನೋ ಹತ್ತಿ ನೇರವಾಗಿ ರೋಮ್ ಸೇರುತ್ತಾರೆ. ಸಮುದ್ರಯಾನ ಅಲ್ಲಿಗೇ ಮುಗಿದು, ವಿಮಾನ ಏರಲು ಇನ್ನೂ ಒಂದು ದಿನ ಉಳಿದವರಲ್ಲಿ ಕೆಲವರು ಮಾತ್ರ ಬಾಡಿಗೆ ಕಾರು ಹಿಡಿದು ಒಳನಾಡಿನ ಗುಡ್ಡಗಳ ಕಡೆಗೆ ತಿರುಗುತ್ತಾರೆ. ವಿತೆರ್ಬೊ ಜಿಲ್ಲೆಯ ಆ ಸೀಮೆಗೆ ತೂಶಿಯಾ ಎಂದು ಹೆಸರು.

ಇಟಲಿಯ ಈ ಒಂದು ದಿನದ ತಿರುಗಾಟ ಮಲೆನಾಡಿನ ಪತ್ರಿಕೆಯೊಂದರ ಚರ್ಚೆಗೆ ಬರುವುದಕ್ಕೆ ಕಾರಣವಿದೆ. ಮೆಡಿಟರೇನಿಯನ್ ಹಡಗುಯಾನಕ್ಕೆ ಹೋಗುವವರಲ್ಲಿ ಈಗ ಕನ್ನಡಿಗರೂ ಇದ್ದಾರೆ. ಮಲೆನಾಡಿನಿಂದ ಹೊರಟು ಬೆಂಗಳೂರಿನಲ್ಲೋ ವಿದೇಶದಲ್ಲೋ ನೆಲೆಸಿದ ಮಕ್ಕಳು ತಂದೆತಾಯಿಯನ್ನು ಕರೆದೊಯ್ಯುವುದೂ ಉಂಟು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಬೆಳಿಗ್ಗೆ ಬಂದು ಸಂಜೆಗೆ ಹೋಗುವ ಕಾರಿನಿಂದ ಗುಡ್ಡದ ಊರಿಗೆ ಏನು ದಕ್ಕುತ್ತದೆ, ಏನು ಕಳೆಯುತ್ತದೆ ಎಂಬ ಪ್ರಶ್ನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಆ ಪ್ರಶ್ನೆಗೆ ಅರ್ಧ ಉತ್ತರವನ್ನು ಪ್ರವಾಸಿಯು ಮನೆಯಲ್ಲಿ ಕುಳಿತು ಹಾಕುವ ಯೋಜನೆಯೇ ಬರೆದುಬಿಡುತ್ತದೆ. ಉಳಿದರ್ಧ ಊರಿನವರ ಕೈಯಲ್ಲಿದೆ.

ಯೋಜನೆಯ ಮೊದಲ ತಪ್ಪು ದಿನದ ಉದ್ದದ ಲೆಕ್ಕದಲ್ಲಿ ಆಗುತ್ತದೆ. ಹಡಗು ನಸುಕಿನಲ್ಲೇ ದಡ ಸೇರಿದರೂ ಸಾಮಾನು ಸಹಿತ ಹೊರಬರುವಾಗ ಎಂಟೋ ಒಂಬತ್ತೋ ಗಂಟೆಯಾಗಿರುತ್ತದೆ. ಬಂದರಿನ ಬಸ್ಸು ಪ್ರಯಾಣಿಕರನ್ನು ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲ್ದಾಣದವರೆಗೆ ತಂದು ಬಿಡುತ್ತದೆ. ಕಾರು ಬಾಡಿಗೆಯ ಕಚೇರಿಗಳಿಗೆ ಅಲ್ಲಿಂದ ಹೋಗಬೇಕು. ಹಡಗು ಬಂದ ದಿನ ಅಲ್ಲಿ ಸಾಲು ಇರುತ್ತದೆ. ಕೀಲಿ ಕೈಗೆ ಸಿಗುವಾಗ ಹತ್ತು ಗಂಟೆ ಎಂದಿಟ್ಟುಕೊಂಡರೆ, ಸಂಜೆ ಕಚೇರಿ ಮುಚ್ಚುವ ಮೊದಲು ಕಾರನ್ನು ಮರಳಿಸಲು ಉಳಿಯುವುದು ಏಳೆಂಟು ತಾಸು ಮಾತ್ರ. ಇಟಲಿಯ ಸಣ್ಣ ಪಟ್ಟಣಗಳಲ್ಲಿ ಇಂಥ ಹಲವು ಕಚೇರಿಗಳು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ, ಭಾನುವಾರ ಅರ್ಧ ದಿನ ತೆರೆಯುತ್ತವೆ ಅಥವಾ ತೆರೆಯುವುದೇ ಇಲ್ಲ. ಹಡಗು ಭಾನುವಾರ ಸೇರುವುದಾದರೆ ಇದನ್ನು ಮೊದಲೇ ವಿಚಾರಿಸದೆ ಹೊರಟವರು ಬೀದಿಯಲ್ಲಿ ಪೆಟ್ಟಿಗೆಯೊಡನೆ ನಿಲ್ಲಬೇಕಾಗುತ್ತದೆ.

ಕಾಗದಪತ್ರಗಳ ವಿಷಯವೂ ಹಾಗೆಯೇ. ಭಾರತದ ಚಾಲನಾ ಪರವಾನಗಿ ಉಳ್ಳವರು ಅದರ ಜೊತೆಗೆ ಇಲ್ಲಿನ ಆರ್.ಟಿ.ಒ. ಕಚೇರಿಯಿಂದ ಒಂದು ವರ್ಷದ ಅವಧಿಯ ಅಂತಾರಾಷ್ಟ್ರೀಯ ಪರವಾನಗಿಯನ್ನು ಪಡೆದಿರಬೇಕು. ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡನ್ನು ಬಹುತೇಕ ಕಡೆ ಕೇಳುತ್ತಾರೆ. ಅಲ್ಲಿ ವಾಹನ ರಸ್ತೆಯ ಬಲಬದಿಯಲ್ಲಿ ಸಾಗುತ್ತದೆ. ಹಳೆಯ ಪಟ್ಟಣಗಳ ನಡುಭಾಗಕ್ಕೆ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲದ ವಲಯಗಳಿದ್ದು, ಕ್ಯಾಮೆರಾ ನಂಬರನ್ನು ಹಿಡಿಯುತ್ತದೆ. ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಚಾಲಕರ ವಿಳಾಸವನ್ನು ಒದಗಿಸಿದ್ದಕ್ಕೆ ಬಾಡಿಗೆ ಸಂಸ್ಥೆಯೂ ಪ್ರತ್ಯೇಕ ಶುಲ್ಕ ಕೀಳುತ್ತದೆ. ಇದನ್ನು ಕೇಳಿ ಗೊಣಗುವ ಪ್ರವಾಸಿಗರು ಬಹಳ. ಆದರೆ ಆ ಫಲಕದ ಹಿಂದೆ ನಾಲ್ಕಾಳು ಅಗಲದ ಓಣಿಗಳಲ್ಲಿ ಮುದುಕರು ಕುರ್ಚಿ ಹಾಕಿ ಕೂರುತ್ತಾರೆ, ಮಕ್ಕಳು ಆಡುತ್ತಾರೆ. ದಂಡ ವಿಧಿಸಬೇಕಾದದ್ದೇ.

ಬಂದರಿನಿಂದ ಗುಡ್ಡಗಳ ಕಡೆಗೆ ಹೋಗುವ ಹಾದಿಗೂ ಒಂದು ಕಥೆಯಿದೆ. ಚಿವಿತಾವೆಕ್ಕಿಯಾವನ್ನು ಒಳನಾಡಿನ ಓರ್ತೆ ಪಟ್ಟಣಕ್ಕೆ ಜೋಡಿಸುವ ಹೆದ್ದಾರಿಯ ಬಹುಭಾಗ ಹಿಂದೆಯೇ ಆಗಿದ್ದು, ಮೊಂತೆ ರೊಮಾನೊದಿಂದ ಕರಾವಳಿಯ ಹೆದ್ದಾರಿಯವರೆಗಿನ ತುಂಡು ವಿವಾದಕ್ಕೆ ಸಿಲುಕಿತು. ಪ್ರಸ್ತಾವಿತ ಮಾರ್ಗವೊಂದು ಮಿಞೋನೆ ನದಿಯ ಕಣಿವೆಯನ್ನು ಹಾಯುವಂಥದು. ಆ ಕಣಿವೆ ಐರೋಪ್ಯ ಒಕ್ಕೂಟದ ಸಂರಕ್ಷಿತ ತಾಣಗಳ ಜಾಲಕ್ಕೆ ಸೇರಿದೆ. ಪರಿಸರ ಪರಿಶೀಲನೆಯ ಅಭಿಪ್ರಾಯ ಪ್ರತಿಕೂಲವಾಗಿದ್ದರೂ 2017ರಲ್ಲಿ ಇಟಲಿಯ ಮಂತ್ರಿಮಂಡಲ ಆ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಡಬ್ಲ್ಯು.ಡಬ್ಲ್ಯು.ಎಫ್. ಇಟಲಿ ಮತ್ತಿತರರು ನ್ಯಾಯಾಲಯಕ್ಕೆ ಹೋದರು. ಪ್ರಕರಣ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಏರಿತು. 2020ರ ಜುಲೈನಲ್ಲಿ ಬಂದ ತೀರ್ಪು ರಸ್ತೆಯನ್ನು ನಿಷೇಧಿಸಲಿಲ್ಲ. ಪ್ರಬಲ ಸಾರ್ವಜನಿಕ ಹಿತವಿದ್ದು ಪರ್ಯಾಯವಿಲ್ಲದಿದ್ದರೆ ಯೋಜನೆ ಮುಂದುವರಿಯಬಹುದೆಂದಿತು. ಆದರೆ ಪರ್ಯಾಯ ಮಾರ್ಗದ ಆಯ್ಕೆಯಲ್ಲಿ ಖರ್ಚೊಂದೇ ನಿರ್ಣಾಯಕವಾಗಲಾರದು ಎಂಬ ಮಾತನ್ನೂ ಹೇಳಿತು. ಘಟ್ಟದ ರಸ್ತೆ ಅಗಲೀಕರಣದ ಅಹವಾಲು ಸಭೆಗಳಲ್ಲಿ ಕುಳಿತೆದ್ದವರಿಗೆ ಈ ಮಾತಿನ ತೂಕ ತಿಳಿದೀತು. ಹಡಗಿನಿಂದ ಇಳಿದು ಗುಡ್ಡಕ್ಕೆ ಹೊರಟವರಿಗೆ ಅರ್ಧ ಗಂಟೆ ಉಳಿಸಲು ಯಾವ ಕಣಿವೆಯನ್ನೂ ಕೊಡಬೇಕಾಗಿಲ್ಲ. ಹಳೆಯ ರಸ್ತೆಯೇ ಸಾಕು, ಮತ್ತು ಅದು ಚೆಲುವಾಗಿಯೂ ಇದೆ.

ಆ ಹಳೆಯ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಉತ್ತರಕ್ಕೆ ತಾರ್ಕ್ವಿನಿಯಾ. ಎಟ್ರಸ್ಕನ್ ಜನರ ಚಿತ್ರಿತ ಸಮಾಧಿಗಳು ಅಲ್ಲಿದ್ದು, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಅಲ್ಲಿಂದ ಒಳಕ್ಕೆ ತಿರುಗಿದರೆ ತುಸ್ಕಾನಿಯಾ, ಬೊಲ್ಸೇನಾ ಸರೋವರ, ಕೊನೆಗೆ ಬಾಞೊರೆಜೊ. ಬಂದರಿನಿಂದ ಬಾಞೊರೆಜೊಗೆ ಸುಮಾರು 90 ಕಿ.ಮೀ.; ಹೋಗಿಬರುವುದಕ್ಕೇ ಮೂರು ತಾಸು ಬೇಕು. ಉಳಿದ ನಾಲ್ಕೈದು ತಾಸಿನಲ್ಲಿ ಎರಡು ಊರು ನೋಡಬಹುದು. ಐದು ಊರುಗಳ ಪಟ್ಟಿ ಹಿಡಿದು ಹೊರಟವರು ಐದು ಕಡೆ ಕಾರು ನಿಲ್ಲಿಸಿ ಫೋಟೊ ತೆಗೆದು, ಪೆಟ್ರೋಲ್ ಬಂಕಿನಲ್ಲಿ ಬ್ರೆಡ್ಡು ತಿಂದು ಹಿಂದಿರುಗುತ್ತಾರೆ. ಊರಿಗೆ ಬಿಟ್ಟುಹೋಗುವುದು ಹೊಗೆ ಮಾತ್ರ.

ಇಲ್ಲಿ ಒಂದು ಸೂಕ್ಷ್ಮವಿದೆ. ನಡುವೆ ಒಂದು ದಿನ ಬಂದರಿನಲ್ಲಿ ತಂಗಿ ಮತ್ತೆ ಹಡಗೇರುವ ಪ್ರಯಾಣಿಕರ ಊಟಕ್ಕೆ ಹಡಗಿನಲ್ಲಿ ಮೊದಲೇ ಹಣ ಸಂದಾಯವಾಗಿರುತ್ತದೆ. ಅವರು ಹೊಟ್ಟೆ ತುಂಬಿಕೊಂಡು ಇಳಿಯುತ್ತಾರೆ, ರಾತ್ರಿಯೂಟಕ್ಕೆ ಹಡಗಿಗೇ ಮರಳುತ್ತಾರೆ. ಯಾನ ಮುಗಿದವರ ಸ್ಥಿತಿ ಹಾಗಲ್ಲ. ಅವರು ಎಲ್ಲಾದರೂ ಉಣ್ಣಲೇಬೇಕು, ಎಲ್ಲಾದರೂ ಮಲಗಲೇಬೇಕು. ಆದ್ದರಿಂದ ಗುಡ್ಡದೂರಿನ ದೃಷ್ಟಿಯಿಂದ ಹಡಗು ಬಿಟ್ಟ ಮೇಲಿನ ಈ ಒಂದು ದಿನ ಹಡಗುಯಾನದ ಉಳಿದೆಲ್ಲ ದಿನಗಳಿಗಿಂತ ಬೆಲೆಯುಳ್ಳದ್ದು. ಕಾರನ್ನು ಮರುದಿನ ವಿಮಾನ ನಿಲ್ದಾಣದಲ್ಲೇ ಒಪ್ಪಿಸುವಂತೆ ಗೊತ್ತುಮಾಡಿಕೊಂಡು ರಾತ್ರಿಯನ್ನು ಹಳ್ಳಿಯಲ್ಲಿ ಕಳೆದರೆ ಕಚೇರಿ ಮುಚ್ಚುವ ಗಡಿಬಿಡಿಯೂ ತಪ್ಪುತ್ತದೆ, ಬಾಡಿಗೆ ಮಾತ್ರ ತುಸು ಏರೀತು.

ಹೀಗೆ ತಂಗಲು, ಉಣ್ಣಲು ಇಟಲಿಯಲ್ಲಿ ಅಗ್ರಿತುರಿಸ್ಮೊ ಎಂಬ ವ್ಯವಸ್ಥೆಯಿದೆ. ಹೊಲಮನೆಯ ಆತಿಥ್ಯ ಎನ್ನಬಹುದು. 1985ರಲ್ಲಿ ಇದಕ್ಕೊಂದು ಕಾನೂನು ಬಂತು. 2006ರಲ್ಲಿ ಹೊಸ ಕಾನೂನು ಅದರ ಸ್ಥಾನ ಪಡೆಯಿತು. ಅದರ ತಿರುಳು ಸರಳ: ಬೇಸಾಯವೇ ಮುಖ್ಯವಾಗಿರಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕವಾಗಿರಬೇಕು. ಬಡಿಸುವ ಆಹಾರದಲ್ಲಿ ಗಣನೀಯ ಭಾಗ ಆ ಹೊಲದ್ದೂ, ಉಳಿದದ್ದರಲ್ಲಿ ಹೆಚ್ಚಿನದು ಅದೇ ಸೀಮೆಯದ್ದೂ ಆಗಿರಬೇಕು. ಬೇಸಾಯ ಬಿಟ್ಟು ಬರೀ ಕೋಣೆ ಕೊಡುವವರು ಆ ಹೆಸರನ್ನು ಬಳಸುವಂತಿಲ್ಲ. ನಿಯಮ ಎಲ್ಲ ಕಡೆ ಅಕ್ಷರಶಃ ಪಾಲನೆಯಾಗುತ್ತದೆಂದು ಯಾರೂ ಆಣೆ ಮಾಡಲಾರರು. ಆದರೂ ನಿಯಮವೊಂದು ಇದೆ. ತೋಟದ ನಡುವೆ ಈಜುಕೊಳ ತೋಡಿ, ನಗರದಿಂದ ತರಕಾರಿ ತರಿಸಿ, ಹೋಮ್‌ಸ್ಟೇ ಎಂಬ ಫಲಕ ತೂಗುಹಾಕುವುದು ನಡೆಯುತ್ತಿರುವ ಮಲೆನಾಡಿನಲ್ಲಿ ಇಂಥ ಒಂದು ವಾಕ್ಯದ ಕಾನೂನಿಗಾಗಿ ಒತ್ತಾಯಿಸುವುದು ತಪ್ಪಾಗದು. ಅಂದಹಾಗೆ, ಅಂಥ ಹೊಲಮನೆಗಳಿಗೆ ಹಿಂದಿನ ದಿನವೇ ಫೋನು ಮಾಡಿ ತಿಳಿಸಬೇಕು. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಊಟ ಕೇಳಿದರೆ ಒಲೆ ಆರಿರುತ್ತದೆ.

ಬಾಞೊರೆಜೊ ಮೂರೂವರೆ ಸಾವಿರ ಜನರ ಊರು. ಅದರ ಮೂಲ ಊರಾದ ಚಿವಿತಾ ಎದುರಿನ ಒಂಟಿ ದಿಬ್ಬದ ಮೇಲಿದೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ, ಜಂಬಿಟ್ಟಿಗೆಯಂತೆ ಸುಲಭವಾಗಿ ಕಡಿಯಬರುವ ಕಲ್ಲು ಮೇಲೆ. ಅದರ ಅಡಿಯಲ್ಲಿ ಜೇಡಿ. ಎರಡು ತೊರೆಗಳು ಎರಡು ಮಗ್ಗುಲಿನಿಂದ ಆ ಜೇಡಿಯನ್ನು ಕೊರೆಯುತ್ತಿವೆ, ಮೇಲಿನ ಕಲ್ಲು ಹೋಳುಹೋಳಾಗಿ ಕಮರಿಗೆ ಬೀಳುತ್ತಿದೆ. 1695ರ ಭೂಕಂಪದ ತರುವಾಯ ಜನ ಇತ್ತ ಬಾಞೊರೆಜೊಗೆ ಸರಿದರು. 13ನೆಯ ಶತಮಾನದ ಸಂತ ಬೊನವೆಂತುರಾ ಹುಟ್ಟಿದರೆನ್ನುವ ಮನೆಯೇ ಬಹುಪಾಲು ಕುಸಿದುಹೋಗಿದೆ. ಈಗ ಅಲ್ಲಿ ವರ್ಷವಿಡೀ ಬಾಳುವವರು ಹತ್ತು ಹದಿನೈದು ಮಂದಿ. ಅದೇ ಸೀಮೆಯ ಲೇಖಕ ಬೊನವೆಂತುರಾ ತೆಕ್ಕಿ ಇಟ್ಟ ‘ಸಾಯುತ್ತಿರುವ ಊರು’ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು.

ಅಲ್ಲಿಗೆ ಹೋಗಲು ಇರುವುದು 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ. ಕಾರು ಬಾಞೊರೆಜೊದಲ್ಲೇ ಉಳಿಯಬೇಕು, ಮುಂದೆ ನಡಿಗೆ. 2013ರಲ್ಲಿ ಬಾಞೊರೆಜೊ ಪುರಸಭೆ ಈ ಸೇತುವೆಯ ಬಾಯಲ್ಲಿ ಪ್ರವೇಶ ಶುಲ್ಕ ನಿಗದಿಮಾಡಿತು. ಮೊದಲು ಒಂದೂವರೆ ಯೂರೊ, ಅನಂತರ ಏರಿ 5 ಯೂರೊ. ಒಂದು ಊರಿಗೆ ಕಾಲಿಡಲು ಟಿಕೆಟ್ಟೇ ಎಂದು ಟೀಕೆಯಾಯಿತು. ಜನ ಬರುವುದನ್ನು ನಿಲ್ಲಿಸಲಿಲ್ಲ. ವರ್ಷಕ್ಕೆ ಬರುವವರು ಲಕ್ಷಗಟ್ಟಲೆಯಾದರು. ಹಣ ಪುರಸಭೆಗೆ ಸೇರಿತು. ಊರಿನವರ ಮೇಲಿನ ಸ್ಥಳೀಯ ತೆರಿಗೆಗಳನ್ನು ತೆಗೆದುಹಾಕುವಷ್ಟು ಅದು ಬೆಳೆದದ್ದು ಇಟಲಿಯಾದ್ಯಂತ ಸುದ್ದಿಯಾಯಿತು.

ಹಾಗೆಂದು ಇದನ್ನು ಗೆಲುವಿನ ಕಥೆಯೆಂದು ಹಾಡಿಹೊಗಳುವುದು ಸಲ್ಲ. ದಿಬ್ಬದ ಮೇಲಿನ ಮನೆಗಳು ಅತಿಥಿಗೃಹ, ಹೋಟೆಲು, ಅಂಗಡಿಗಳಾಗಿವೆ. ಕುಸಿತ ನಿಂತಿಲ್ಲ. ಟಿಕೆಟ್ಟು ಊರಿಗೆ ಹಣ ತಂದಿತೇ ಹೊರತು ಚಿವಿತಾಕ್ಕೆ ಒಲೆ ಉರಿಸುವ ಕುಟುಂಬಗಳನ್ನು ತರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಕಾರು ಎಲ್ಲಿ ನಿಲ್ಲಬೇಕು, ಬಂದವರು ಎಷ್ಟು ಕೊಡಬೇಕು, ಆ ಹಣ ಯಾರಿಗೆ ಸಲ್ಲಬೇಕು ಎಂಬ ಮೂರನ್ನೂ ಅಲ್ಲಿ ಹೇಳಿದ್ದು ಊರಿನ ಪುರಸಭೆಯೇ. ಪ್ರವಾಸಿಯ ಪಾಲಿನ ಕೆಲಸ ಇಷ್ಟೆ: ಹತ್ತು ಗಂಟೆಯಿಂದ ಮೂರರವರೆಗಿನ ಜಂಗುಳಿಯನ್ನು ತಪ್ಪಿಸಿ ಇಳಿಹೊತ್ತಿನಲ್ಲಿ ಸೇತುವೆ ಹತ್ತುವುದು, ಬಾಞೊರೆಜೊದ ಅಂಗಡಿಯಲ್ಲೂ ಏನಾದರೂ ಕೊಳ್ಳುವುದು.

ಮರಳುವ ಹಾದಿಯಲ್ಲಿ ಕಾರಿನ ಕಿಟಕಿಯಿಂದ ಕಾಣುವ ಹಸಿರೂ ಮೋಸಮಾಡಬಲ್ಲದು. ವಿತೆರ್ಬೊ ಜಿಲ್ಲೆಯ ವೀಕೊ ಸರೋವರದ ಸುತ್ತ ಸಾಲುಸಾಲಾಗಿ ನಿಂತಿರುವ ಗಿಡಗಳು ಹೇಜಲ್‌ನಟ್ ಬೀಜದವು. ಚಾಕೊಲೇಟ್ ಉದ್ಯಮದ ಬೇಡಿಕೆಯಿಂದ ಅದು ಏಕಬೆಳೆಯಾಯಿತು. ವೀಕೊ ಸರೋವರದಲ್ಲಿ ವಿಷಕಾರಿ ಪಾಚಿ ಹಬ್ಬಿ, ಅದರ ನೀರನ್ನು ನೆಚ್ಚಿದ ಪಟ್ಟಣಗಳಿಗೆ ಕುಡಿಯುವ ನೀರಿನ ಸಂಕಟ ಬಂತು. ತೋಟಗಳಿಗೆ ಸುರಿದ ಗೊಬ್ಬರ ಅದಕ್ಕೆ ಒಂದು ಕಾರಣವೆಂದು ಅಲ್ಲಿನ ಪರಿಸರವಾದಿಗಳು ಹೇಳುತ್ತ ಬಂದಿದ್ದಾರೆ. ಅದೇ ಬೆಳೆ ಬೊಲ್ಸೇನಾ ಸರೋವರದ ಉತ್ತರದ ಅಲ್ಫೀನಾ ಪ್ರಸ್ಥಭೂಮಿಗೆ ಹಬ್ಬತೊಡಗಿದಾಗ ಚಲನಚಿತ್ರ ನಿರ್ದೇಶಕಿ ಆಲಿಚೆ ರೊರ್ವಾಕೆರ್ 2019ರಲ್ಲಿ ಬಹಿರಂಗ ಪತ್ರ ಬರೆದು ಎಚ್ಚರಿಸಿದರು. ಬೊಲ್ಸೇನಾ 114 ಚದರ ಕಿ.ಮೀ. ವಿಸ್ತಾರದ ಜ್ವಾಲಾಮುಖಿ ಸರೋವರ. ಅದರ ನೀರು ಪೂರ್ತಿ ಬದಲಾಗಲು ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಬೇಕು. ಗದ್ದೆಗಳೆಲ್ಲ ಅಡಿಕೆ ತೋಟವಾದದ್ದನ್ನು ಕಣ್ಣಾರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನವಮಂಗಳೂರು ಬಂದರಿಗೂ ಪ್ರವಾಸಿ ಹಡಗುಗಳು ಬಂದಿವೆ. ಇಳಿದವರನ್ನು ಬಸ್ಸುಗಳಲ್ಲಿ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳಿಗೆ ಕರೆದೊಯ್ದು ಸಂಜೆಗೆ ಹಡಗು ಸೇರಿಸುತ್ತಾರೆ. ಆ ಅತಿಥಿಗಳು ಘಟ್ಟ ಹತ್ತುವುದು ಕಡಿಮೆ. ಘಟ್ಟ ಹತ್ತುವ ಕಾರುಗಳು ಶನಿವಾರ ಭಾನುವಾರ ಬೆಂಗಳೂರಿನ ಕಡೆಯಿಂದ ಬರುತ್ತವೆ, ಮತ್ತು ಅವುಗಳ ಯೋಜನೆಯೂ ಒಂದು ದಿನದಲ್ಲಿ ಐದು ಜಾಗದ್ದೇ. ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ವಾಹನಗಳಿಗೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರಲ್ಲಿ ಮುಂಗಡ ನೋಂದಣಿಯನ್ನೂ ಮಿತಿಯನ್ನೂ ತಂದಿತು. ಅದು ಬೇಕಾಗಿತ್ತು. ಆದರೆ ಅದು ಜಿಲ್ಲಾಡಳಿತದ ನಿರ್ಧಾರ. ಗುಡ್ಡದ ಬುಡದ ಊರುಗಳ ಗ್ರಾಮಸಭೆಗಳಲ್ಲಿ ಹುಟ್ಟಿದ್ದಲ್ಲ.

ಜಲಪಾತದ ಅಥವಾ ಗಿರಿಶಿಖರದ ದಾರಿಯಲ್ಲಿರುವ ಯಾವ ಊರಿನಲ್ಲಾದರೂ ಕಾಲೇಜಿನ ನಾಲ್ಕು ವಿದ್ಯಾರ್ಥಿಗಳು ಒಂದು ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ರಸ್ತೆ ಬದಿ ಕುಳಿತು ನಾಲ್ಕು ಅಂಕಣ ತುಂಬಬಹುದು: ಎಷ್ಟು ಕಾರು ಬಂದವು, ಎಷ್ಟು ಹೊತ್ತು ನಿಂತವು, ಊರಿನ ಅಂಗಡಿ ಹೋಟೆಲುಗಳಲ್ಲಿ ಎಷ್ಟು ಖರ್ಚಾಯಿತು, ಹೋದ ಮೇಲೆ ಎಷ್ಟು ಚೀಲ ಕಸ ಉಳಿಯಿತು. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ, ಕಾರು ಎಲ್ಲಿ ನಿಲ್ಲಬೇಕೆಂಬ ಠರಾವಿಗೆ ಅಲ್ಲಿಂದ ತೊಡಗಬಹುದು.