ಕಬಾಡಿಯವನನ್ನು ಕರೆಯುವ ಮೊದಲು

ದೀಪಾವಳಿ ಸಮೀಪಿಸಿತೆಂದರೆ ಘಾಜಿಯಾಬಾದಿನ ಬೀದಿಬೀದಿಗಳಲ್ಲಿ ಕಬಾಡಿಯವರ ಕೂಗು ಹೆಚ್ಚುವುದು ವಾಚಕರಿಗೆ ತಿಳಿದ ವಿಷಯವೇ. ಈ ಪ್ರಾಂತದ ಪದ್ಧತಿಯಂತೆ ನಮ್ಮವರೂ ಆ ದಿನಗಳಲ್ಲಿ ಮನೆಯನ್ನು ತೊಳೆದು, ಸುಣ್ಣ ಬಳಿಸಿ, ಅಟ್ಟವನ್ನೂ ಮಂಚದಡಿಯನ್ನೂ ಬರಿದು ಮಾಡುವುದುಂಟು. ಆಗ ಹೊರಬರುವ ವಸ್ತುಗಳಲ್ಲಿ ಹಳೆಯ ಪತ್ರಿಕೆಗಳಿಗೂ ಒಡೆದ ಬಾಲ್ದಿಗಳಿಗೂ ಒಂದು ಬೆಲೆ ಗೊತ್ತಿದೆ. ಬೆಲೆ ತಿಳಿಯದೆ ಯಜಮಾನನ ಕೈಯಲ್ಲಿ ಒಂದು ಕ್ಷಣ ನಿಂತು ಬಳಿಕ ಚೀಲಕ್ಕೆ ಬೀಳುವವು ಗ್ರಾಮಫೋನ್ ಪ್ಲೇಟುಗಳು, ಕ್ಯಾಸೆಟ್ಟುಗಳು, ವಿಡಿಯೋ ಟೇಪುಗಳು, ವಿ.ಸಿ.ಡಿ., ಡಿ.ವಿ.ಡಿ.ಗಳು. ಅವುಗಳನ್ನು ನುಡಿಸುವ ಯಂತ್ರ ಮನೆಯಲ್ಲಿಲ್ಲ, ಇದ್ದರೂ ಕೆಟ್ಟಿದೆ. ಹಾಡು, ಸಿನಿಮಾ ಎಲ್ಲವೂ ಕೈಯೊಳಗಿನ ಫೋನಿಗೆ ಬಂದಿರುವಾಗ ಈ ಹೊರೆಯೇಕೆ ಎಂಬುದು ಸಹಜವಾದ ಪ್ರಶ್ನೆ. ಎಲ್ಲವನ್ನೂ ಇಟ್ಟುಕೊಳ್ಳಿರೆಂದು ಎರಡು ಕೋಣೆಯ ಬಾಡಿಗೆ ಮನೆಯವರಿಗೆ ನಾವು ಉಪದೇಶಿಸಲಾರೆವು. ಬೇರ್ಪಡಿಸಿ ಕೊಡಿರಿ ಎಂದಷ್ಟೇ ನಮ್ಮ ಬಿನ್ನಹ. ಆದರೆ ಬೇರ್ಪಡಿಸುವ ಕ್ರಮವು ಈಗ ರೂಢಿಯಲ್ಲಿರುವುದಕ್ಕೆ ತೀರ ತಲೆಕೆಳಗಾಗಬೇಕಾಗಿದೆ.

ಹೊರದೇಶಗಳಲ್ಲಿ ಈ ಸಮಸ್ಯೆ ನಮಗಿಂತ ಮೊದಲೇ ತಲೆದೋರಿತು. 1978ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಲೇಸರ್ ಡಿಸ್ಕ್ ಎಂಬುದು ನಮ್ಮ ಮಸಾಲೆದೋಸೆಯಷ್ಟು ಅಗಲದ, ಅಂದರೆ 30 ಸೆಂಟಿಮೀಟರ್ ವ್ಯಾಸದ, ಕನ್ನಡಿಯಂತೆ ಹೊಳೆಯುವ ತಟ್ಟೆ. ಒಂದು ಮಗ್ಗುಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ಚಿತ್ರ. ಆಮೇಲೆ ಎದ್ದು ಹೋಗಿ, ಕಾವಲಿಯ ಮೇಲಿನ ದೋಸೆಯಂತೆಯೇ ಮಗುಚಿ ಹಾಕಬೇಕು. 1996-97ರಲ್ಲಿ ಅಂಗೈಯಗಲದ ಡಿ.ವಿ.ಡಿ. ಬಂದ ಮೇಲೆ ಅದರ ಕಾಲ ಮುಗಿಯಿತು. ಪಯೋನಿಯರ್ ಕಂಪೆನಿಯವರು 2009ರಲ್ಲಿ ಅದರ ಯಂತ್ರ ತಯಾರಿಸುವುದನ್ನೂ ನಿಲ್ಲಿಸಿದರು. ನೂರಾರು ತಟ್ಟೆಗಳನ್ನು ಕೂಡಿಟ್ಟವರು ಏನು ಮಾಡಿದರು? ಕೆಲವರು ಸಿಕ್ಕಿದ ಬೆಲೆಗೆ ಮಾರಿದರು; ಕೆಲವರು ಹೊದಿಕೆಯ ಚಿತ್ರ ಚೆನ್ನಾಗಿದೆಯೆಂದು ಗೋಡೆಗೆ ತೂಗುಹಾಕಿದರು. ಜಾಣರಾದ ಕೆಲವರು ಮಾತ್ರ, ಹೊಸ ತಟ್ಟೆಯಲ್ಲಿ ಇಲ್ಲದ್ದು ಹಳೆಯದರಲ್ಲಿ ಏನಿದೆಯೆಂದು ಹುಡುಕಿ ಅಷ್ಟನ್ನು ಉಳಿಸಿಕೊಂಡರು. ಅವರ ಎಣಿಕೆ ಸರಿಯಾಗಿತ್ತು. 'ಸ್ಟಾರ್ ವಾರ್ಸ್' ಚಿತ್ರಗಳನ್ನು ಅವುಗಳ ಕರ್ತೃವೇ 1997ರಲ್ಲಿ ತಿದ್ದಿ, ಹೊಸ ದೃಶ್ಯಗಳನ್ನು ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ಮೊದಲಿನ ರೂಪವೇ ಬೇಕೆಂದು ಪ್ರೇಕ್ಷಕರು ಹಟ ಹಿಡಿದು, 2006ರಲ್ಲಿ ಅದನ್ನು ಡಿ.ವಿ.ಡಿ.ಯಲ್ಲಿ ಒದಗಿಸಿದಾಗ, ಬಳಸಿದ್ದು 1993ರ ಲೇಸರ್ ಡಿಸ್ಕಿಗಾಗಿ ಸಿದ್ಧಪಡಿಸಿದ್ದ ಪ್ರತಿಯನ್ನೇ.

ನಮ್ಮಲ್ಲಿ ಲೇಸರ್ ಡಿಸ್ಕ್ ಕಂಡವರೇ ವಿರಳ. ಹೊಟೇಲಿನ ಮಾಣಿಯಾಗಲಿ ಕಚೇರಿಯ ಗುಮಾಸ್ತನಾಗಲಿ ಕೂಡಿಟ್ಟದ್ದು ಮೊದಲು ಕ್ಯಾಸೆಟ್ಟನ್ನು, ಬಳಿಕ ವಿ.ಸಿ.ಡಿ.ಯನ್ನು. ಒಂದು ಸಿನಿಮಾಕ್ಕೆ ಎರಡೋ ಮೂರೋ ತಟ್ಟೆ. ಕಥಾನಾಯಕ ಕೈಯೆತ್ತುವ ಹೊತ್ತಿಗೆ ಸರಿಯಾಗಿ ಮೊದಲನೆಯದು ಮುಗಿಯುತ್ತಿದ್ದುದನ್ನು ಮರೆತವರುಂಟೇ? ಈ ತಟ್ಟೆಗಳ ಒಂದು ತವರು ನಮ್ಮ ನೆರೆಯ ನೋಯ್ಡಾದಲ್ಲಿಯೇ ಇತ್ತೆಂಬುದು ಗಮನಾರ್ಹ. ಅಲ್ಲಿಯ ಮೋಸರ್ ಬೇರ್ ಸಂಸ್ಥೆಯು ಜಗತ್ತಿನ ಅತಿ ದೊಡ್ಡ ತಟ್ಟೆ ತಯಾರಕರಲ್ಲಿ ಒಂದೆನಿಸಿತ್ತು. 2007ರ ಸುಮಾರಿಗೆ ಅದು 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರತೊಡಗಿದಾಗ, ಬಾಡಿಗೆಗೆ ತಂದು ನೋಡುತ್ತಿದ್ದ ಸಿನಿಮಾ ಒಂದು ಊಟದ ಬೆಲೆಗೆ ಸ್ವಂತದ್ದಾಯಿತು. ಅದೇ ಸಂಸ್ಥೆ 2018ರಲ್ಲಿ ಸಮಾಪನೆಯ ಆಜ್ಞೆಗೆ ಒಳಗಾಯಿತು. ತಟ್ಟೆ ಕೊಂಡವನ ಮನೆಯಲ್ಲಿ ಮಕ್ಕಳು ಪದವೀಧರರಾಗುವುದರೊಳಗೆ ತಟ್ಟೆ ಮಾಡಿದವರ ವ್ಯವಹಾರವೇ ಮುಗಿಯಿತು.

ಇನ್ನು ಪ್ರಕೃತ ವಿಷಯ. ನಮ್ಮವರು ಯಾವುದನ್ನು ಇಟ್ಟುಕೊಂಡು ಯಾವುದನ್ನು ಕೊಡುತ್ತಾರೆ? ರಾಜ್‌ಕುಮಾರ್ ಅವರ ಚಿತ್ರಗಳ ಅಚ್ಚಾದ ಹೊದಿಕೆಯ ತಟ್ಟೆಗಳು, ಲಕ್ಷಗಟ್ಟಲೆ ಮಾರಾಟವಾದ 1987ರ 'ಪ್ರೇಮಲೋಕ'ದ ಕ್ಯಾಸೆಟ್ಟು, ಇಂಥವು ಗಾಜಿನ ಕಪಾಟಿನಲ್ಲಿ ಉಳಿಯುತ್ತವೆ. ಬಾಲ್‌ಪೆನ್ನಿನಲ್ಲಿ 'ಅಜ್ಜಿ, ಶೋಭಾನೆ' ಎಂದೋ, 'ತಮ್ಮನ ಉಪನಯನ' ಎಂದೋ, 'ಆಟ, ಎರಡನೆಯ ಭಾಗ' ಎಂದೋ ಬರೆದ, ಅಥವಾ ಏನೂ ಬರೆಯದ, ಮಾಸಿದ ಕ್ಯಾಸೆಟ್ಟುಗಳು ತೂಕಕ್ಕೆ ಹೋಗುತ್ತವೆ. ನಾವು ತಲೆಕೆಳಗಾಗಬೇಕೆಂದದ್ದು ಈ ಕ್ರಮವನ್ನೇ. ಅಚ್ಚಿನ ಹೊದಿಕೆಯದು ಸಾವಿರಾರು ಮನೆಗಳಲ್ಲಿದೆ. ಕೈಬರಹದ್ದು ಜಗತ್ತಿನಲ್ಲಿ ಅದೊಂದೇ. ರಾತ್ರಿ ಬಾಗಿಲು ಹಾಕುವಾಗ ಉಳಿದ ಸಾಂಬಾರನ್ನು ಹಂಡೆಗಟ್ಟಲೆ ಚೆಲ್ಲಲು ಹಿಂಜರಿಯದ ಹೊಟೇಲಿನವನೂ ನಾಳೆಯ ಮೊಸರಿಗೆಂದು ಒಂದು ಸೌಟು ಹೆಪ್ಪನ್ನು ಎತ್ತಿಡುತ್ತಾನೆ. ಈ ವಿವೇಕವನ್ನು ಅಡಿಗೆಮನೆಯಿಂದ ಮಂಚದಡಿಯ ಟ್ರಂಕಿಗೂ ಒಯ್ಯಬೇಕಾಗಿದೆ.

ಇದು ಕೇವಲ ಮನೆಮಟ್ಟಿನ ಮಮಕಾರವೆಂದು ಯಾರೂ ತಿಳಿಯಬೇಕಾಗಿಲ್ಲ. ಸಾಲಿಗ್ರಾಮ ಮೇಳದ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರ ವಯಸ್ಸು ಇನ್ನೂ 32 ತುಂಬಿರಲಿಲ್ಲ. ಅವರನ್ನು ಕಣ್ಣಾರೆ ಕಾಣದ ಹುಡುಗರು ಇಂದಿಗೂ ಅವರ ಪದಗಳನ್ನು ಗುನುಗುತ್ತಿರುವುದು ಹೇಗೆ? ಬಯಲಾಟದಲ್ಲಿ ನಿದ್ದೆಗೆಟ್ಟು, ರಂಗಸ್ಥಳದ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕುಳಿತ ಅಭಿಮಾನಿಗಳ ಉಪಕಾರ ಅದರಲ್ಲಿ ಬಹಳವಿದೆ. ಕುಂದಾಪುರ, ಉಡುಪಿ ಕಡೆಗಳಿಂದ ಉತ್ತರಕ್ಕೆ ಕೆಲಸಕ್ಕೆ ಬಂದ ಹುಡುಗರ ಚೀಲಗಳಲ್ಲಿ ಅಂಥ ಕ್ಯಾಸೆಟ್ಟುಗಳು ಬಂದವು. ದೋಸೆ ಹಿಟ್ಟು ರುಬ್ಬುವ ಹೊತ್ತಿನಲ್ಲಿ ಅವು ಹಾಡಿದವು. ಅವುಗಳಲ್ಲಿ ಯಾವ ರಾತ್ರಿಯ ಯಾವ ಆಟ ಇನ್ನೆಲ್ಲಿಯೂ ಇಲ್ಲವೆಂಬುದನ್ನು ಕೇಳಿ ನೋಡದೆ ಹೇಳುವಂತಿಲ್ಲ. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ಬಿ.ಬಿ.ಸಿ.ಯವರು ತಮ್ಮ 'ಡಾಕ್ಟರ್ ಹೂ' ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳ ಟೇಪುಗಳನ್ನು ಅಳಿಸಿಬಿಟ್ಟರು. ಕಳೆದುಹೋದ ಆ ಕಂತುಗಳ ಧ್ವನಿ ಇಂದು ಉಳಿದಿರುವುದು, ಟೆಲಿವಿಷನ್ನಿನ ಮುಂದೆ ಸ್ವಂತ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ ವೀಕ್ಷಕರಿಂದ.

ಹಾಗಾದರೆ ಅಚ್ಚಾದದ್ದೆಲ್ಲ ಕ್ಷೇಮವೆಂದು ನಂಬಬಹುದೇ ಎಂದರೆ, ಅದೂ ಸಲ್ಲದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚಿ 3ರಂದು ತೆರೆಕಂಡಿತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾಯರು ಅಭಿನಯಿಸಿದ ಆ ಚಿತ್ರದ ಪ್ರತಿ ಇಂದು ಇಲ್ಲ. 1931ರ 'ಆಲಂ ಆರಾ'ದ ಗತಿಯೂ ಅದೇ. ರಾಷ್ಟ್ರೀಯ ಚಲನಚಿತ್ರ ಭಂಡಾರವು ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರೊಳಗೆ ಹೋದದ್ದು ಹೋಗಿತ್ತು. ಯಾರೋ ಇಟ್ಟಿರುತ್ತಾರೆ ಎಂದು ಎಲ್ಲರೂ ಎಣಿಸಿದ್ದರ ಫಲವಿದು. ಆದುದರಿಂದ ಅಚ್ಚಾದವುಗಳಲ್ಲಿಯೂ, ಬಾಗಿಲು ಮುಚ್ಚಿಹೋದ ಸಣ್ಣ ಕಂಪೆನಿಗಳ ತಾಳಮದ್ದಳೆ, ಹರಿಕಥೆ, ನಾಟಕಗಳ ಕ್ಯಾಸೆಟ್ಟುಗಳನ್ನು ಕೈಬಿಡುವ ಮೊದಲು ಅದೇ ಮುದ್ರಣ ಬೇರೆಡೆ ದೊರೆಯುವುದೋ ಎಂದು ಹುಡುಕಿ ನೋಡತಕ್ಕದ್ದು. ಫೋನಿನಲ್ಲಿ ಎಲ್ಲವೂ ಇದೆಯೆನ್ನುವವರು ತಮ್ಮ ಅಜ್ಜಿಯ ಶೋಭಾನೆಯನ್ನು ಅಲ್ಲಿ ಹುಡುಕಿ ನೋಡಲಿ.

ಕಷ್ಟವೇನೆಂದರೆ, ಒಂದೇ ಒಂದು ಇರುವ ವಸ್ತುವೇ ಬೇಗ ಕೆಡುವ ವಸ್ತುವೂ ಆಗಿದೆ. ಕಾರ್ಖಾನೆಯ ತಟ್ಟೆಯಲ್ಲಿ ಮಾಹಿತಿಯು ಪ್ಲಾಸ್ಟಿಕ್ಕಿನೊಳಗೆ ಅಚ್ಚೊತ್ತಿದ ಸಣ್ಣ ಗುಳಿಗಳ ರೂಪದಲ್ಲಿರುತ್ತದೆ. ಮದುವೆಯ ವಿಡಿಯೋದವರು ಬರೆದುಕೊಟ್ಟ ತಟ್ಟೆಯಲ್ಲಿರುವುದು ಒಂದು ಬಣ್ಣದ ಪದರ. ಬಿಸಿಲಿಗೂ ಸೆಕೆಗೂ ಆ ಬಣ್ಣ ಕೆಡುತ್ತದೆ. ನಮ್ಮ ಊರಿನ ಜೂನ್ ತಿಂಗಳ ಬಿಸಿಲು ಎಂಥದೆಂದು ತಗಡಿನ ಮಾಡಿನಡಿ ಮಲಗುವವರಿಗೆ ಹೇಳಬೇಕಾದ್ದಿಲ್ಲ. ಕ್ಯಾಸೆಟ್ಟಿನ ಟೇಪಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಲೇಪ ಉದುರುತ್ತದೆ. ಟೇಪು ಉಳಿದರೂ ನುಡಿಸುವ ಯಂತ್ರವಿಲ್ಲ. ವಿಡಿಯೋ ಕ್ಯಾಸೆಟ್ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪೆನಿಯೂ 2016ರ ಜುಲೈನಲ್ಲಿ ಕೈ ತೊಳೆದುಕೊಂಡಿತು. 2019ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಹೊರಟ ಎಚ್ಚರಿಕೆಯು, ಟೇಪುಗಳನ್ನು ನುಡಿಸುವ ಅವಕಾಶ 2025ರ ಸುಮಾರಿಗೆ ಬಹುಮಟ್ಟಿಗೆ ಮುಗಿಯುವುದೆಂದು ಲೋಕಕ್ಕೆ ತಿಳಿಸಿತ್ತು. ಆ ವರ್ಷ ಬಂದೇ ಬಿಟ್ಟಿತು.

ಪ್ರತಿ ತೆಗೆಯುವ ಕೆಲಸ ಅಸಾಧ್ಯವೇನಲ್ಲ, ತಾಳ್ಮೆಯದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅವಸರದ ದಾರಿಯಿಲ್ಲ. ಯಂತ್ರದ ಹೆಡ್‌ಫೋನ್ ತೂತಿನಿಂದ ಒಂದು ವಯರನ್ನು ಕಂಪ್ಯೂಟರಿಗೆ ಜೋಡಿಸಿ ಬಿಟ್ಟರೆ ಅದು ತನ್ನಷ್ಟಕ್ಕೆ ನಡೆಯುತ್ತದೆ. 40 ಕ್ಯಾಸೆಟ್ಟುಗಳಿದ್ದವನು ರಾತ್ರಿ ಗಲ್ಲಾ ಎಣಿಸಿದ ಮೇಲೆ ದಿನಕ್ಕೊಂದರಂತೆ ಹಾಕಿದರೆ 40 ದಿನಗಳಲ್ಲಿ ಮುಗಿಯಿತು. ಗಂಟೆಯೊಂದಕ್ಕೆ ಸುಮಾರು 600ರಿಂದ 650 ಎಂ.ಬಿ. ಹಿಡಿದರೂ ಎಲ್ಲವೂ ಉಗುರಿನಷ್ಟು ದೊಡ್ಡ ಒಂದು ಕಾರ್ಡಿನೊಳಗೆ ಅಡಗುತ್ತವೆ. ಆ ಕಾರ್ಡೂ ಕೆಡುವುದುಂಟು. ಆದ್ದರಿಂದ ಇನ್ನೊಂದು ಪ್ರತಿ ಊರಿನ ಮನೆಯಲ್ಲಿರಲಿ. ಯಾರ ಧ್ವನಿ, ಯಾವ ವರ್ಷ, ಯಾವ ಸ್ಥಳ ಎಂಬುದನ್ನು ಕನ್ನಡದಲ್ಲಿ ಬರೆದಿಡದಿದ್ದರೆ ಪಟ್ಟ ಶ್ರಮವೆಲ್ಲ ಅರ್ಧ ವ್ಯರ್ಥ. ಧ್ವನಿಗಳನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅವರ ಮುಂದೆ ನುಡಿಸಿ ಕೇಳಬೇಕು. ಕಂಪೆನಿಯವರ ಮುದ್ರಣಗಳ ಮಾತು ಬೇರೆ: ಅವುಗಳಿಗೆ 60 ವರ್ಷಗಳ ಕೃತಿಸ್ವಾಮ್ಯವಿದೆ. ಸ್ವಂತಕ್ಕೆ ಕೇಳುವುದಕ್ಕೂ, ಪ್ರತಿ ಮಾಡಿ ಮಾರುವುದಕ್ಕೂ ಅಥವಾ ಅಂತರ್ಜಾಲಕ್ಕೆ ಏರಿಸುವುದಕ್ಕೂ ಕಾಯಿದೆಯಲ್ಲಿ ಬಹಳ ಅಂತರವಿದೆ.

ಒಬ್ಬೊಬ್ಬರೂ ಯಂತ್ರ ಹೊಂದಿಸಿಕೊಳ್ಳಲಾರರೆಂಬುದು ನಿಜ. ಇದು ಸಂಘಗಳು ಮಾಡತಕ್ಕ ಕೆಲಸ. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘಕ್ಕೆ ರಾಮಕೃಷ್ಣಪುರಂನಲ್ಲಿ ಸ್ವಂತ ಕಟ್ಟಡವಿದೆ. ಒಂದು ಕಪಾಟು, ಅದರಲ್ಲಿ ಸುಸ್ಥಿತಿಯ ಒಂದು ಕ್ಯಾಸೆಟ್ ಡೆಕ್, ಒಂದು ರೆಕಾರ್ಡ್ ಪ್ಲೇಯರ್, ಒಂದು ವಿಡಿಯೋ ಯಂತ್ರ, ಒಂದು ಡಿ.ವಿ.ಡಿ. ಯಂತ್ರ: ಇದರ ಖರ್ಚು ಒಂದು ವಾರ್ಷಿಕೋತ್ಸವದ ಶಾಮಿಯಾನಾದ ಬಾಡಿಗೆಯನ್ನು ಮೀರಲಾರದೆಂದು ನಮ್ಮ ಅಂದಾಜು. ಯಂತ್ರ ನೋಡಿಕೊಳ್ಳುವವರು ಯಾರು ಎನ್ನುವಿರೋ? ಬೆಂಗಳೂರಿನ ಬಿ.ಇ.ಎಲ್. ಸಂಸ್ಥೆಯು 1974ರಲ್ಲಿ ಘಾಜಿಯಾಬಾದಿನಲ್ಲಿ ಘಟಕ ತೆರೆದ ಮೇಲೆ ಇಲ್ಲಿಗೆ ವರ್ಗವಾಗಿ ಬಂದು, ಇಲ್ಲಿಯೇ ನಿವೃತ್ತರಾದ ನಮ್ಮವರಿದ್ದಾರೆ. ರಾಡಾರಿನ ಕೆಲಸ ಬಲ್ಲವರಿಗೆ ಕ್ಯಾಸೆಟ್ ಯಂತ್ರದ ರಬ್ಬರ್ ಬೆಲ್ಟ್ ಬದಲಿಸುವುದು ಎಷ್ಟರ ಮಾತು? ಹಾಡುಗಬ್ಬ, ಆಟ, ಜಾನಪದ ಇವುಗಳ ದೊಡ್ಡ ಸಂಗ್ರಹವಿರುವವರು ಗುರುಗ್ರಾಮದಲ್ಲಿರುವ, ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನವರ 1982ರಷ್ಟು ಹಳೆಯ ಸಂಗೀತ ದಾಖಲೆ ಭಂಡಾರವನ್ನು ವಿಚಾರಿಸಬಹುದು. ಸಂಗ್ರಾಹಕರು ಒಪ್ಪಿಸುವ ಧ್ವನಿಮುದ್ರಣಗಳನ್ನು ಕಾಯ್ದಿಡುವುದು ಅವರ ಕಾರ್ಯಗಳಲ್ಲೊಂದು. ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಮಾರಲೇಬೇಕೆಂಬವರು ತೂಕಕ್ಕೆ ಕೊಡದೆ, ಜಾಮಾ ಮಸೀದಿಯ ಬಳಿಯ ಮೀನಾ ಬಜಾರಿನಂಥಲ್ಲಿ ಅದನ್ನು ಬಲ್ಲ ವ್ಯಾಪಾರಿಗೆ ತೋರಿಸಲಿ.

ಪ್ರತಿ ತೆಗೆದ ಮೇಲೆ ಉಳಿದದ್ದನ್ನು, ಸಾವಿರ ಮನೆಗಳಲ್ಲಿರುವ ಸಿನಿಮಾ ತಟ್ಟೆಗಳನ್ನು, ನಿಶ್ಚಿಂತೆಯಿಂದ ಕೊಟ್ಟುಬಿಡಿರಿ. ಆದರೆ ಯಾರಿಗೆ ಕೊಡುತ್ತೇವೆಂಬುದನ್ನು ನೋಡಿ ಕೊಡಬೇಕು. ನಮ್ಮ ಜಿಲ್ಲೆಯದೇ ಆದ ಲೋನಿಯಲ್ಲಿ ಹಳೆಯ ವಿದ್ಯುತ್ ಸಾಮಾನುಗಳನ್ನು ಒಡೆದು, ವಯರುಗಳನ್ನು ಸುಟ್ಟು ತಾಮ್ರ ತೆಗೆಯುವ ದಂಧೆ ಬಹುಕಾಲದಿಂದ ಕುಖ್ಯಾತವಾಗಿದೆ. ಕೆಟ್ಟ ಯಂತ್ರಗಳು ಅಂಥಲ್ಲಿಗೆ ಸೇರಿದರೆ, ಅಥವಾ ಪಿ.ವಿ.ಸಿ.ಯಿಂದ ಮಾಡಿದ ಲಾಂಗ್‌ಪ್ಲೇ ತಟ್ಟೆಗಳು ಬೆಂಕಿಗೆ ಬಿದ್ದರೆ, ಅದರ ವಿಷದ ಹೊಗೆ ಚಳಿಗಾಲದ ಮಂಜಿನೊಡನೆ ನಮ್ಮ ಕಿಟಕಿಗೇ ಬರುವುದು. ವಿದ್ಯುತ್ ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲಿನಿಂದ ಜಾರಿಯಲ್ಲಿವೆ. ಯಂತ್ರಗಳನ್ನು ನೋಂದಾಯಿತ ಸಂಗ್ರಹಕಾರರಿಗೇ ಒಪ್ಪಿಸತಕ್ಕದ್ದು. ಬರಿಯ ತಟ್ಟೆಗಳು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಬೇರೆಯಾಗಿ ಕಟ್ಟಿಕೊಟ್ಟರೆ ಕರಗಿಸಿ ಪುನಃ ಬಳಸಲು ಬರುತ್ತವೆ.

ನಡೆಯುವ ಸ್ಥಿತಿಯ ಕ್ಯಾಸೆಟ್ ಅಥವಾ ವಿಡಿಯೋ ಯಂತ್ರವನ್ನು ಇಟ್ಟುಕೊಂಡು, ಇತರರಿಗೆ ವಾರದಲ್ಲಿ ಒಂದು ದಿನ ಅದರ ಉಪಯೋಗ ಕೊಡಲು ಸಿದ್ಧರಿರುವ ಮಹನೀಯರು ತಮ್ಮ ಬಡಾವಣೆಯನ್ನೂ ಅನುಕೂಲವಾದ ವೇಳೆಯನ್ನೂ ನಮ್ಮ ಕಚೇರಿಗೆ ತಿಳಿಸಬೇಕು. ವೈಶಾಲಿ, ವಸುಂಧರಾ, ಇಂದಿರಾಪುರಂ, ಸಾಹಿಬಾಬಾದ್ ಕಡೆಯವರಿಗೆ ಆದ್ಯತೆ. ಅಲ್ಲಿಯ ಹೊಟೇಲುಗಳ ಹುಡುಗರಿಗೆ ರಜೆ ಸಿಗುವುದು ವಾರಕ್ಕೆ ಒಂದೇ ದಿನ, ಅದರಲ್ಲಿ ದೂರ ಹೋಗಿ ಬರುವುದಕ್ಕೆ ಹೊತ್ತು ಸಾಲದು.