ಇಪ್ಪತ್ತನಾಲ್ಕು ಗಂಟೆಯ ಓಟ: ಗೆಲ್ಲುವವರು ಯಾರು?

ಮೋಟಾರು ಓಟವೆಂದೊಡನೆ ನಮ್ಮಲ್ಲಿ ಹಲವರ ಕಣ್ಣ ಮುಂದೆ ನಿಲ್ಲುವವನು ಶಿರಸ್ತ್ರಾಣ ತೊಟ್ಟ ಒಬ್ಬನೇ ವೀರ. ಅವನ ವೇಗ, ಅವನ ಧೈರ್ಯ, ಅವನ ಕೊರಳಿಗೆ ಹಾರ. ಆದರೆ ಫ್ರಾನ್ಸಿನ ಲ ಮಾನ್ ಎಂಬ ಊರಿನಲ್ಲಿ ಇಪ್ಪತ್ತನಾಲ್ಕು ಗಂಟೆ ನಡೆಯುವ ಓಟವನ್ನು ಬಲ್ಲವರು ಈ ಚಿತ್ರವನ್ನು ಒಪ್ಪಲಾರರು. ನಾವೂ ಒಪ್ಪುವುದಿಲ್ಲ.

1923ರಲ್ಲಿ ಈ ಓಟವನ್ನು ಆರಂಭಿಸಿದವರ ಉದ್ದೇಶವೇ ಬೇರೆಯಾಗಿತ್ತು. ಕಾರು ಎಷ್ಟು ಬೇಗ ಓಡೀತು ಎಂಬುದಕ್ಕಿಂತ, ಹಗಲಿರುಳು ಓಡಿಯೂ ಕೆಡದೆ ಉಳಿದೀತೇ ಎಂಬುದನ್ನು ಅವರು ನೋಡಬೇಕಾಗಿತ್ತು. ಈಗ ಒಂದು ಸುತ್ತು ಸುಮಾರು 13.6 ಕಿಲೋಮೀಟರು. ಅದರಲ್ಲೊಂದು ಭಾಗ ಉಳಿದ ದಿನಗಳಲ್ಲಿ ಜನ ಓಡಾಡುವ ಸಾಮಾನ್ಯ ರಸ್ತೆ. ಒಂದೊಂದು ಕಾರಿಗೆ ಮೂವರು ಚಾಲಕರು. ಯಾರೂ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಒಟ್ಟಿನಲ್ಲಿ ಹದಿನಾಲ್ಕು ಗಂಟೆಗಿಂತ ಹೆಚ್ಚು ಓಡಿಸಕೂಡದು. ಟೈರು ಬದಲಿಸುವವರು, ಇಂಧನ ತುಂಬುವವರು, ಲೆಕ್ಕವಿಡುವವರು ಹಿಂದೆ ನಿದ್ದೆಗೆಟ್ಟು ಕಾಯುತ್ತಾರೆ. ಘಟ್ಟ ಇಳಿಯುವ ಲಾರಿಯಲ್ಲಿ ಕ್ಲೀನರನ ಬೆಲೆಯೇನೆಂದು ಬಲ್ಲ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನಿಯಮ ಇಲ್ಲದಿದ್ದಾಗ ಏನಾಯಿತು? 1952ರಲ್ಲಿ ಪಿಯರ್ ಲೆವೆ ಎಂಬ ಫ್ರೆಂಚ್ ಚಾಲಕ ತನ್ನ ಟಾಲ್ಬೋ ಕಾರನ್ನು ಒಬ್ಬನೇ ಓಡಿಸುತ್ತ ಹೋದ. ಜೊತೆಗಾರ ರೆನೆ ಮಾರ್ಷಾನ್ ಸಿದ್ಧನಾಗಿ ಕಾದಿದ್ದ. ಲೆವೆ ಜಾಗ ಬಿಟ್ಟುಕೊಡಲಿಲ್ಲ. ಸುಮಾರು ಇಪ್ಪತ್ತಮೂರು ಗಂಟೆ ಓಡಿಸಿ, ಎಲ್ಲರಿಗಿಂತ ಬಹಳ ಮುಂದಿದ್ದಾಗ ಎಂಜಿನ್ ಮುರಿಯಿತು. ಮೊದಲೆರಡು ಸ್ಥಾನಗಳು ಮರ್ಸಿಡಿಸ್ ಕಾರುಗಳ ಪಾಲಾದವು. ಎಂಜಿನ್ನಿನಲ್ಲಿ ಏನೋ ಅದುರುತ್ತಿತ್ತು, ಅದನ್ನು ತಾನೊಬ್ಬನೇ ಸಂಭಾಳಿಸಬಲ್ಲೆನೆಂದು ಲೆವೆ ನಂಬಿದ್ದನೆಂದು ಅವನ ಪರ ವಹಿಸುವವರು ಹೇಳುತ್ತಾರೆ. ಇರಬಹುದು. ಆ ಸಹನಶಕ್ತಿಗೆ ನಾವು ತಲೆಬಾಗುತ್ತೇವೆ. ಆದರೆ ಅದನ್ನು ಆದರ್ಶವೆಂದು ಕರೆಯಲು ನಮಗೆ ಮನಸ್ಸಿಲ್ಲ. ನಿದ್ದೆಯಿಲ್ಲದ ಕಣ್ಣು ಮತ್ತು ಸೋತ ಕೈ ಆ ವೇಗದಲ್ಲಿ ಅವನಿಗೊಬ್ಬನಿಗೇ ಅಪಾಯವಲ್ಲ. ಅದೇ ರಸ್ತೆಯಲ್ಲಿ ಬೇರೆ ಕಾರುಗಳೂ ಓಡುತ್ತಿದ್ದವು. ಇಷ್ಟಕ್ಕೂ, ಮಾರ್ಷಾನನ ಹೆಸರನ್ನು ಇಂದು ಎಷ್ಟು ಜನ ಬಲ್ಲರು?

ಎಲ್ಲರೂ ಒಂದಾಗಿ ದುಡಿದರೆ ಗೆಲುವು ಖಂಡಿತ ಎಂದು ನಾವು ವಾದಿಸುತ್ತಿಲ್ಲ. 2016ರಲ್ಲಿ ಟೊಯೋಟಾ ತಂಡ ಯಾವ ಕೊರತೆಯೂ ಇಲ್ಲದಂತೆ ಓಡಿ, ಕೊನೆಗೆ ಮೂರೇ ನಿಮಿಷವಿರುವಾಗ ಮೊದಲಿತ್ತು. ಆಗ ಕಝುಕಿ ನಕಾಜಿಮಾ ಓಡಿಸುತ್ತಿದ್ದ ಕಾರು ಶಕ್ತಿ ಕಳೆದುಕೊಂಡು ನಿಂತಿತು. ಎಂಜಿನ್ನಿಗೆ ಒತ್ತಿದ ಗಾಳಿಯನ್ನು ಸಾಗಿಸುವ ಕೊಳವೆಯ ಒಂದು ಜೋಡಣೆ ಕೆಟ್ಟಿತ್ತು, ಅಷ್ಟೆ. ಪೋರ್ಷೆ ಗೆದ್ದಿತು. ಕಡೆಯ ಸುತ್ತಿಗೆ ಗೊತ್ತುಪಡಿಸಿದ ಸಮಯ ಮೀರಿದ್ದರಿಂದ ನಕಾಜಿಮಾನ ಕಾರಿಗೆ ಸ್ಥಾನವೇ ಸಿಗಲಿಲ್ಲ. ಮುಂದೆ ಆ ತಂಡದವರು ಪರೀಕ್ಷಾ ಓಟಗಳಲ್ಲಿ ಬೇಕೆಂದೇ ತೊಂದರೆಗಳನ್ನು ಹುಟ್ಟಿಸಿ, ಅವನ್ನು ಎದುರಿಸುವ ಅಭ್ಯಾಸ ಮಾಡಿದರು. 2018ರಲ್ಲಿ ಗೆದ್ದ ಮೂವರಲ್ಲಿ ನಕಾಜಿಮಾನೂ ಒಬ್ಬ. ಅಲ್ಲಿಂದ 2022ರವರೆಗೆ ಐದು ವರ್ಷ ಸತತವಾಗಿ ಆ ತಂಡಕ್ಕೇ ಜಯ. ಸೋತ ಚಾಲಕನನ್ನು ದೂರಿ ಹೊರಗೆ ಹಾಕಿದ್ದರೆ ಆ ಕೊಳವೆ ಗಟ್ಟಿಯಾಗುತ್ತಿತ್ತೇ?

ನಮಗೆ ಹತ್ತಿರದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರ ಸಂಗತಿಯೊಂದನ್ನೂ ಇಲ್ಲಿ ಹೇಳಬೇಕು. ಫಾರ್ಮುಲಾ ಒನ್ ಓಟದಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರು ಅವರು. 2009ರಲ್ಲಿ ಲ ಮಾನ್‌ನಲ್ಲಿ ಔಡಿ ಕಾರೊಂದರ ಮೂವರು ಚಾಲಕರಲ್ಲಿ ಒಬ್ಬರಾಗಿದ್ದರು. ಓಟ ಇನ್ನೇನು ಆರಂಭವಾಗಬೇಕು ಎನ್ನುವಾಗ ತಡೆಗೋಡೆ ಹಾರಲು ಹೋಗಿ ಬಿದ್ದು, ಅವರ ಹೆಗಲಿನ ಕೀಲು ತಪ್ಪಿತು. ಉಳಿದ ಆಂಡ್ರೆ ಲಾಟರರ್ ಮತ್ತು ಚಾರ್ಲ್ಸ್ ಜ್ವೋಲ್ಸ್‌ಮನ್ ಇಬ್ಬರೇ ಆ ಹಗಲು, ಆ ರಾತ್ರಿ, ಮರುದಿನ ಮಧ್ಯಾಹ್ನದವರೆಗೆ ಪಾಳಿ ಬದಲಿಸುತ್ತ ಕಾರನ್ನು ಓಡಿಸಿ ಗುರಿ ಮುಟ್ಟಿಸಿದರು. ಲೆವೆಗೆ ಜೊತೆಗಾರನಿದ್ದೂ ಬೇಡವಾಗಿದ್ದ. ಇವರಿಗೆ ಒಬ್ಬ ಇಲ್ಲವಾದಾಗ ಉಳಿದವರು ಅವನ ಹೊರೆಯನ್ನು ಹಂಚಿಕೊಂಡರು. ಆ ವರ್ಷ ಗೆದ್ದದ್ದು ಪೂಜೋ ಕಾರು. ಇವರದು ಏಳನೆಯ ಸ್ಥಾನ. ಏಳನೆಯವರಿಗೆ ವೇದಿಕೆಯಲ್ಲಿ ಜಾಗವಿಲ್ಲ. ಆದರೂ ಆ ವರ್ಷದ ಫಲಿತಾಂಶಗಳಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಅದೇ.