ಹೆದರಿಕೆಯೂ ಕಲಿತದ್ದೇ

ಆಷಾಢದಲ್ಲಿ ನಂಜನಗೂಡಿನಿಂದ ತಿ. ನರಸೀಪುರಕ್ಕೆ, ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಮೂರನೇ ಕ್ಲಾಸು. ಸಂಜೆ ಜಗಲಿಯಲ್ಲಿ ಗೋಲಿ ಆಡುತ್ತಿದ್ದವನು, ಬೀದಿಯ ತುದಿಯಲ್ಲಿ ಸೈಕಲ್ ಬೆಲ್ ಕೇಳಿಸಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ಮೂಲೆ ಸೇರಿದ. ಬಂದವರು ಮನೆಪಾಠದ ಮೇಷ್ಟ್ರು.

"ದಿನಾ ಇದೇ ನಾಟಕ ಅಕ್ಕಾ" ಎಂದಳು ತಂಗಿ. ನಾನು ಹುಡುಗನ ಕೈ ಮುಟ್ಟಿ ನೋಡಿದೆ. ತಣ್ಣಗೆ ಬೆವತಿತ್ತು. ನಾಟಕ ಆಡಿದರೆ ಕೈ ಹೀಗೆ ತಣ್ಣಗಾಗುತ್ತದೆಯೇ? ಮರುದಿನ ಸೊಪ್ಪು ಮಾರುವವನು ಬೆಲ್ ಹೊಡೆದಾಗಲೂ ಹುಡುಗ ಬೆಚ್ಚಿಬಿದ್ದ. ಮೆಲ್ಲಗೆ ಕೇಳಿದೆ. ಮಗ್ಗಿ ತಪ್ಪಿದಾಗಲೆಲ್ಲ ಬೆರಳ ಗೆಣ್ಣಿಗೆ ಸ್ಕೇಲಿನ ಏಟಂತೆ!

ಸೋದರಿಯರೇ, ಮೇಷ್ಟ್ರನ್ನು ದೂರುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ಮಗಳು ಚಿಕ್ಕವಳಿದ್ದಾಗ ಒಲೆ ಮುಂದೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದೆ. ತಪ್ಪಿದರೆ ಕೈಯಲ್ಲಿದ್ದ ಸೌಟಿನಿಂದಲೇ ಏಟು. ಮಗು ಕಲಿಯಲಿ ಅಂತಲೇ ಹೊಡೆದದ್ದು. ಕಲಿತಳು, ಆದರೆ ಲೆಕ್ಕವನ್ನಲ್ಲ. ಬರಬರುತ್ತಾ ಸೌಟು ಇಲ್ಲದಿದ್ದರೂ ಲೆಕ್ಕದ ಪುಸ್ತಕ ತೆರೆದರೆ ಸಾಕು, ಕಣ್ಣಲ್ಲಿ ನೀರು.

ಇದಕ್ಕೆ ಕಾರಣ ಹುಡುಕಿಕೊಟ್ಟವರು ರಷ್ಯದ ಪಾವ್ಲೊವ್. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಬಹುಮಾನ ಪಡೆದವರು. ನಾಯಿಗೆ ಆಹಾರ ಕೊಡುವ ಮುಂಚೆ ದಿನವೂ ಒಂದು ಸದ್ದು ಮಾಡುತ್ತಾ ಬಂದರೆ, ಆಮೇಲೆ ಬರೀ ಸದ್ದಿಗೇ ಅದರ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಒಗ್ಗರಣೆಯ ಚಟಪಟ ಕೇಳಿದರೆ ನಮ್ಮ ಬಾಯಲ್ಲೂ ನೀರೂರುವುದಿಲ್ಲವೇ? ಹಾಗೆಯೇ ಬೆಲ್ಲಿಗೂ ಏಟಿಗೂ ಹುಡುಗನ ಮನಸ್ಸಿನಲ್ಲಿ ಗಂಟು ಬಿದ್ದಿತ್ತು.

ಇನ್ನೊಂದು ಗಂಟು ಹಾಕಿದವಳು ತಂಗಿಯೇ. ಅಮೆರಿಕದ ಸ್ಕಿನ್ನರ್ ಎಂಬುವರು ಪೆಟ್ಟಿಗೆಯಲ್ಲಿ ಇಲಿ ಬಿಟ್ಟು ನೋಡಿದರು. ಒಂದು ಸನ್ನೆ ಒತ್ತಿದರೆ ತಿನ್ನಲು ಕಾಳು ಬೀಳುತ್ತದೆ ಎಂದು ತಿಳಿದ ಇಲಿ ಅದನ್ನೇ ಮತ್ತೆ ಮತ್ತೆ ಒತ್ತಿತು. ಫಲ ಕೊಟ್ಟ ಕೆಲಸವನ್ನು ಯಾರೂ ಬಿಡುವುದಿಲ್ಲ. ಕಷ್ಟ ತಪ್ಪಿದರೆ ಅದೂ ಫಲವೇ. ಹೊಟ್ಟೆನೋವು ಎಂದ ದಿನ ಪಾಠ ಇಲ್ಲ, ಟಿ.ವಿ. ಮುಂದೆ ಮಜ್ಜಿಗೆ ಅನ್ನ. ಹೊಟ್ಟೆನೋವಿಗೆ ನಾವೇ ಕಾಳು ಹಾಕಿದ ಹಾಗಾಯಿತು!

ಹಾಗಾದರೆ ಬಿದ್ದ ಗಂಟು ಬಿಚ್ಚುವುದು ಹೇಗೆ? 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಇದನ್ನು ಮಾಡಿ ತೋರಿಸಿದರು. ಪೀಟರ್ ಎಂಬ ಪುಟ್ಟ ಹುಡುಗನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿನಕ್ಕೂ ಒಂದಿಷ್ಟು ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುದ್ದಿಸಿದ. ಅದೇ 1924ರಲ್ಲಿ ನಮ್ಮ ಮೈಸೂರಿನಲ್ಲೂ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ 'ಆಕಾಶವಾಣಿ' ಆರಂಭಿಸಿದವರು.

ಅಷ್ಟು ದೂರ ಯಾಕೆ, ದಸರಾ ಆನೆಗಳನ್ನೇ ನೋಡಿ. ಜಂಬೂಸವಾರಿಯ ದಿನ ಇಪ್ಪತ್ತೊಂದು ಕುಶಾಲತೋಪು ಹಾರುತ್ತವೆ. ಕಾಡಿನ ಶಿಬಿರದಿಂದ ಬಂದ ಆನೆ ಬೆದರಬಾರದಲ್ಲ? ಅದಕ್ಕೇ ಮೊದಲೇ ಕೆಲವು ಸಲ ಫಿರಂಗಿ ಹಾರಿಸಿ, ಮಾವುತರು ಪಕ್ಕದಲ್ಲೇ ನಿಂತು ಅಭ್ಯಾಸ ಮಾಡಿಸುತ್ತಾರೆ. ಮೊದಲ ಸಲ ಬೆಚ್ಚಿದ ಆನೆ ಬರಬರುತ್ತಾ ಸುಮ್ಮನೆ ನಿಲ್ಲುತ್ತದೆ. 750 ಕಿಲೋ ಚಿನ್ನದ ಅಂಬಾರಿಯನ್ನೂ ಒಮ್ಮೆಲೇ ಹೊರಿಸುವುದಿಲ್ಲ. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ.

ತಂಗಿಗೆ ನಾನು ಹೇಳಿದ್ದು ಇಷ್ಟೇ. ಮೊದಲು ಡಾಕ್ಟರಿಗೆ ತೋರಿಸು, ನಿಜವಾದ ಹೊಟ್ಟೆನೋವೇ ಇದ್ದೀತು. ಸ್ಕೇಲು ಮುಟ್ಟಬಾರದು ಅಂತ ಮೇಷ್ಟ್ರಿಗೆ ಖಂಡಿತವಾಗಿ ಹೇಳು. ಪಾಠ ನಿಲ್ಲಿಸಬೇಡ, ಹತ್ತು ನಿಮಿಷಕ್ಕೆ ಇಳಿಸು. ಅವನಿಗೆ ಬರುವ ಎರಡರ ಮಗ್ಗಿಯಿಂದಲೇ ಶುರುವಾಗಲಿ. ನೀನು ಪಕ್ಕದಲ್ಲೇ ಕೂತು ಅವರೆಕಾಳು ಸುಲಿ. ಸರಿ ಹೇಳಿದ ತಕ್ಷಣ "ಭೇಷ್" ಅನ್ನು, ರಾತ್ರಿಯವರೆಗೆ ಕಾಯಬೇಡ.

ಡಾಕ್ಟರು ಹೊಟ್ಟೆಯಲ್ಲಿ ಏನೂ ದೋಷವಿಲ್ಲ ಎಂದರು. ಮೇಷ್ಟ್ರು ಮೊದಲು ಮುಖ ಸಿಂಡರಿಸಿದರೂ ಒಪ್ಪಿಕೊಂಡರು. ಎರಡು ತಿಂಗಳಾಯಿತು. ಮೊನ್ನೆ ತಂಗಿ ಫೋನ್ ಮಾಡಿದ್ದಳು: "ಅಕ್ಕಾ, ಈಗ ಅರ್ಧ ಗಂಟೆ ಕೂರ್ತಾನೆ. ಬೆಲ್ ಕೇಳಿದ್ರೆ ಒಂದ್ಸಲ ನನ್ನ ಮುಖ ನೋಡ್ತಾನೆ, ಅಷ್ಟೇ."

ಮಾತು ಕೇಳಿಸಿಕೊಂಡ ನನ್ನ ಮಗಳು, ಈಗ ಪಿ.ಯು.ಸಿ., ನಗುತ್ತಲೇ ಅಂದಳು: "ನನಗೆ ಯಾಕಮ್ಮ ಅವರೆಕಾಳು ಸುಲೀಲಿಲ್ಲ?" ಅವಳು ಲೆಕ್ಕ ಇಲ್ಲದ ವಿಷಯವನ್ನೇ ಆರಿಸಿಕೊಂಡಿದ್ದಾಳೆ. ನನಗೆ ಉತ್ತರ ಹೊಳೆಯಲಿಲ್ಲ.

ನಿಮ್ಮ ಮನೆಯ ಮಗು ಯಾವ ಸದ್ದಿಗೆ ಬೆಚ್ಚುತ್ತದೆ? ಒಮ್ಮೆ ಅದರ ಕೈ ಮುಟ್ಟಿ ನೋಡಿ. ನನಗೂ ಬರೆಯಿರಿ.